ಯಾದಗಿರಿ, ಶಹಾಪುರ, ಸುರಪುರ ಪ್ರಾಂತದಲ್ಲಿ ಶಿಶುಜ್ವರದ ಗೃಹಪರಿಚರ್ಯೆ: ಒಂದು ಚಾರಿತ್ರಿಕ ವಿವೇಚನೆ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧ, ಸಂಧಿ, ಕಂದಾಯಗಳ ವೃತ್ತಾಂತವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಸುರಪುರದ ವಿಷಯದಲ್ಲಿಯೂ ಹಾಗೆಯೇ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ರಾಜಾ ವೆಂಕಟಪ್ಪನಾಯಕನ ಉತ್ತರಾಧಿಕಾರ, ಅವನ ಅಪ್ರಾಪ್ತವಯಸ್ಸಿನಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್, 1858ರ ದಂಗೆ, ಇವುಗಳನ್ನು ಕುರಿತು ಬರೆಹಗಳಿಗೆ ಕೊರತೆಯಿಲ್ಲ. ಆದರೆ ಅದೇ ಊರಿನ ಓಣಿಯ ಮನೆಯೊಂದರಲ್ಲಿ ಎರಡು ವರ್ಷದ ಕೂಸು ಜ್ವರದಿಂದ ನರಳುವಾಗ ತಾಯಿ ಇರುಳೆಲ್ಲ ಏನು ಮಾಡಿದಳೆಂಬುದನ್ನು ಬರೆದಿಡುವ ದಫ್ತರ ಇರಲಿಲ್ಲ. ಒಂದು ಮನೆತನ ಉಳಿದುದೂ ಅಳಿದುದೂ ಎಷ್ಟೋ ವೇಳೆ ಅಂಥ ಇರುಳುಗಳಲ್ಲಿಯೇ ನಿರ್ಣಯವಾಗುತ್ತಿತ್ತು. ಈ ಅಲಿಖಿತ ಚರಿತ್ರೆಯ ಕೆಲವು ಎಳೆಗಳನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಬಾಲಚಿಕಿತ್ಸೆಯ ಪರಂಪರೆ ನಮ್ಮಲ್ಲಿ ಪ್ರಾಚೀನವಾದುದು. ಸುಶ್ರುತನು ಮಕ್ಕಳನ್ನು ಹಾಲುಣ್ಣುವವರು, ಹಾಲನ್ನೂ ಅನ್ನವನ್ನೂ ಉಣ್ಣುವವರು, ಅನ್ನವನ್ನೇ ಉಣ್ಣುವವರು ಎಂದು ಮೂರು ಬಗೆಯಾಗಿ ವಿಂಗಡಿಸಿ, ಔಷಧವನ್ನು ಕೂಸಿಗೋ ಎದೆಹಾಲು ಕೊಡುವವಳಿಗೋ ಎಂಬುದನ್ನು ಅದರಂತೆ ವಿಧಿಸಿದನು. ಕನ್ನಡದಲ್ಲಿಯೂ ಸುಮಾರು 1200ರಲ್ಲಿ ದೇವೇಂದ್ರಮುನಿಯು 'ಬಾಲಗ್ರಹಚಿಕಿತ್ಸೆ'ಯನ್ನು ರಚಿಸಿದನು.

ಇಲ್ಲಿ ಒಂದು ಅಂಶ ವಿಶೇಷವಾಗಿ ಗಮನಾರ್ಹವಾಗಿದೆ. ಜ್ವರದ ಆರಂಭದಲ್ಲಿ ಲಂಘನವೇ ಮೇಲಾದ ಔಷಧವೆಂಬ ಮಾತು ನಮ್ಮ ಜನರಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಅದನ್ನು ನಂಬಿ ಕೂಸಿಗೂ ಹಾಲು ನೀರುಗಳನ್ನು ತಡೆಹಿಡಿಯುವವರುಂಟು. ಆದರೆ ಶಿಶುವಿಗೆ ಮೊಲೆಹಾಲನ್ನು ಮಾತ್ರ ನಿಲ್ಲಿಸಬಾರದೆಂದೂ, ಹಾಲೂಡುವವಳ ಮಿತಾಹಾರವೇ ಶಿಶುವಿನ ಲಂಘನವೆಂದೂ ವೈದ್ಯಗ್ರಂಥಗಳ ಪರಂಪರೆಯೇ ಹೇಳುತ್ತದೆ. ಬೆಳೆದವರಿಗೆ ಹೇಳಿದ ನಿಯಮ ಉಳಿದು, ಕೂಸಿಗೆ ಇಟ್ಟ ವಿನಾಯಿತಿ ಮರೆತುಹೋಯಿತು. ಆದುದರಿಂದ ಇದು ಶಾಸ್ತ್ರದ ದೋಷವಲ್ಲ, ಅರೆನೆನಪಿನ ದೋಷ.

ಮನೆಯ ರೂಢಿಯಲ್ಲಿಯೂ ಗುಣದೋಷಗಳೆರಡೂ ಬೆರೆತಿವೆ. ಸಿಡುಬು ಎದ್ದಾಗ 'ಅಮ್ಮ ಬಂದಿದ್ದಾಳೆ' ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರನ್ನು ತಡೆದು, ಮನೆಯಲ್ಲಿ ಶಾಂತಿಯನ್ನು ಕಾಯುತ್ತಿದ್ದರು. ಭಕ್ತಿಯ ಈ ಆಚಾರದೊಳಗೆ ಸೋಂಕು ಹರಡದಂತೆ ಪ್ರತ್ಯೇಕಿಸುವ ವಿವೇಕವೂ ಅಡಗಿತ್ತು. ಆದರೂ ಆ ರೋಗ ಅಳಿದುದು ದೇವಿ ಹಾಕಿಸುವ ಕಾರ್ಯದಿಂದ; 1977ರಲ್ಲಿ ಭಾರತವು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು. ತಿಂಥಣಿಯ ಮೌನೇಶ್ವರನಿಗೂ ಗೋಗಿಯ ದರ್ಗಾಕ್ಕೂ ಮತಭೇದವಿಲ್ಲದೆ ಜನ ನಡೆದುಕೊಳ್ಳುವ ಈ ಸೀಮೆಯಲ್ಲಿ ಹರಕೆ ಹೊರುವುದು, ತಾಯಿತ ಕಟ್ಟುವುದು ತಾಯಿಯ ಮನಸ್ಸಿಗೆ ಧೈರ್ಯ ಕೊಡುತ್ತವೆ. ವೈದ್ಯರ ಬಳಿಗೆ ಹೋಗಲು ತಡವಾಗದಿದ್ದರೆ ಅವುಗಳಿಂದ ಕೇಡಿಲ್ಲ. ಕಾಸಿದ ಬರೆಯನ್ನು ಎಳೆಯ ಮೈಗೆ ಹಾಕುವ ಪದ್ಧತಿಗೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಜ್ವರವನ್ನು ಅಳೆಯುವ ಸಾಧನ ಈಚಿನದು. ಇಂಗ್ಲೆಂಡಿನ ಆಲ್ಬಟ್ಟನು ಸುಲಭವಾಗಿ ಬಳಸಬಹುದಾದ ಚಿಕ್ಕ ಉಷ್ಣಮಾಪಕವನ್ನು ರೂಪಿಸಿದುದು 1866ರ ಸುಮಾರಿನಲ್ಲಿ. ಅಲ್ಲಿಯವರೆಗೆ ತಾಯಿಯ ಅಂಗೈಯೇ ಮಾಪಕ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧಕ್ಕೆ ನಿರ್ಣಾಯಕವಾದ ಆಧಾರವನ್ನು ರೊನಾಲ್ಡ್ ರಾಸ್ ಕಂಡುದು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ. ಈ ಮೂರು ಊರುಗಳು ಆಗ ಅದೇ ನಿಜಾಮ ರಾಜ್ಯಕ್ಕೆ ಸೇರಿದ್ದವು. ಮುಂದೆ ನಾರಾಯಣಪುರದ ಜಲಾಶಯದಿಂದ ಸುರಪುರ, ಶಹಾಪುರಗಳ ಒಣಭೂಮಿಗೆ ಕೃಷ್ಣೆಯ ಕಾಲುವೆ ಹರಿಯಿತು. ಬೆಳೆಯೊಡನೆ ನಿಂತ ನೀರೂ ಬಂದುದರಿಂದ ಮನೆಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳುವುದೂ ಕೂಸಿನ ಆರೈಕೆಯ ಒಂದು ಭಾಗವಾಯಿತು.

ಇಂದಿನ ವೈದ್ಯಜ್ಞಾನದ ಬೆಳಕಿನಲ್ಲಿ ಹಳೆಯ ರೂಢಿಯನ್ನು ಹೀಗೆ ಜರಡಿ ಹಿಡಿಯಬಹುದು. ಜೋಳದ ನುಚ್ಚಿನ ತೆಳುಗಂಜಿ, ಕಾಸಿ ಆರಿಸಿದ ನೀರು, ಎದೆಹಾಲು, ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕೊಡುವುದು ಯುಕ್ತ. ಕುಂಚಿಗೆ ತೊಡಿಸಿ ಕೌದಿ ಹೊದಿಸಿ ಬೆವರಿಸುವುದು ತಪ್ಪು. ತೆಳುವಾದ ಅರಿವೆಯೊಂದು ಸಾಕು. ತೀರ ತಣ್ಣೀರಿನಲ್ಲಿ ಮೈ ತೊಳೆದರೆ ನಡುಕ ಹೆಚ್ಚುತ್ತದೆ. ಕೂಸು ಸಂಕಟಪಡುತ್ತಿದ್ದರೆ ವೈದ್ಯರು ಹೇಳಿದಂತೆ ಪ್ಯಾರಾಸಿಟಮಾಲನ್ನು ವಯಸ್ಸಿನ ಅಂದಾಜಿನಿಂದಲ್ಲ, ತೂಕದ ಪ್ರತಿ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಂನಂತೆ ಕೊಡಬೇಕು. ದಿನಕ್ಕೆ ನಾಲ್ಕು ಸಲ ಮೀರಬಾರದು. 1899ರಿಂದ ಪ್ರಸಿದ್ಧವಾದ ಆಸ್ಪಿರಿನ್ನನ್ನು ಮಕ್ಕಳ ಜ್ವರಕ್ಕೆ ಕೊಡಬಾರದೆಂಬುದು ಈಗ ಸರ್ವಸಮ್ಮತ. ಕೂಸು ಏನನ್ನೂ ಕುಡಿಯದಿದ್ದರೆ, ಮಂಕಾಗಿ ಕಣ್ಣು ತೆರೆಯದಿದ್ದರೆ, ಸೆಳವು ಬಂದರೆ, ಉಸಿರಾಟ ವೇಗವಾದರೆ, ಮೂತ್ರ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯತಕ್ಕದ್ದಲ್ಲ. ಚಳಿಜ್ವರದ ಸಂಶಯವಿದ್ದರೆ ತಡವಿಲ್ಲದೆ ರಕ್ತಪರೀಕ್ಷೆ ಆಗಬೇಕು.

ಒಟ್ಟಿನಲ್ಲಿ, ಮಗ್ಗುಲಲ್ಲಿ ಎಚ್ಚರವಾಗಿ ಕುಳಿತು ಕೂಸಿನ ಉಸಿರು, ಕಣ್ಣು, ಬಾಯಾರಿಕೆಗಳನ್ನು ಗಮನಿಸುತ್ತಿದ್ದ ಅಜ್ಜಿಯರ ವಿದ್ಯೆಯನ್ನು ಯಾವ ಔಷಧವೂ ಹಿಂದಕ್ಕೆ ಹಾಕಿಲ್ಲ. ವೈದ್ಯನು ಮೊದಲು ಕೇಳುವುದೂ ಆ ವಿವರಗಳನ್ನೇ. 2010ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯ ಚರಿತ್ರೆಯನ್ನು ಬರೆಯುವವರು ಶಾಸನಗಳ ಪಡಿಯಚ್ಚುಗಳೊಡನೆ ಈ ವೃದ್ಧೆಯರ ಹೇಳಿಕೆಗಳನ್ನೂ ಸಂಗ್ರಹಿಸಬೇಕೆಂದು ನಮ್ಮ ವಿನಂತಿ. ಕಲ್ಲು ಇನ್ನಷ್ಟು ಕಾಲ ಕಾದೀತು, ಅವರು ಕಾಯಲಾರರು.