ಅಂದಣವೆಂಬ ಪದ, ಹೊರುವ ಹೆಗಲು

ರಾಜವೈಭವದ ಕಾಲದಲ್ಲಿ ಅಂದಣವು ಅಧಿಕಾರದ ಗುರುತಾಗಿದ್ದಿತು. ಛತ್ರ, ಚಾಮರಗಳಂತೆ ಅದನ್ನೂ ಅರಸರು ಗೌರವವಾಗಿ ದಯಪಾಲಿಸುತ್ತಿದ್ದರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗೆ ಈ ವೈಭವ ಅಪರಿಚಿತವಾದುದಲ್ಲ. ಆದರೂ ಅವರು ಒಂದು ವಚನದಲ್ಲಿ ಅಂದಣದ ಮೇಲೆ ಕುಳ್ಳಿರಿಸಿದ್ದು ಅರಸನನ್ನಲ್ಲ, ನಾಯಿಯನ್ನು. ಎಷ್ಟು ಎತ್ತರಕ್ಕೇರಿದರೂ ಅದು ಹಳೆಯ ಸ್ವಭಾವವನ್ನು ಬಿಡದು. ವಿಷಯದತ್ತ ಹರಿಯುವ ಮನಸ್ಸೂ ಹಾಗೆಯೇ ಎಂಬುದು ಅಲ್ಲಿಯ ಉಪಮೆಯ ತಾತ್ಪರ್ಯ. ಆಸನ ಎತ್ತರವಾದ ಮಾತ್ರಕ್ಕೆ ಅಂತರಂಗ ಎತ್ತರವಾಗದೆಂಬ ಎಚ್ಚರಿಕೆ ಇದು.

ಈ ವಾಹನಕ್ಕೆ ಕನ್ನಡದಲ್ಲಿ ಹಲವು ಹೆಸರುಗಳುಂಟು. ಸಂಸ್ಕೃತದ ‘ಆಂದೋಲ’ದಿಂದ, ಅಂದರೆ ತೂಗಾಟದಿಂದ, ‘ಅಂದಣ’ ಬಂದಿದೆ. ‘ಶಿಬಿಕೆ’ ಕನ್ನಡದಲ್ಲಿ ‘ಸಿವಿಗೆ’ಯಾಯಿತು. ಮಂಚವೆಂಬ ಅರ್ಥದ ‘ಪರ್ಯಂಕ’, ‘ಪಲ್ಯಂಕ’ಗಳು ಪ್ರಾಕೃತದ ಮೂಲಕ ‘ಪಲ್ಲಕ್ಕಿ’ಯಾದವು. ಈ ಕುಲದ ಮಾತನ್ನೇ ಪೋರ್ಚುಗೀಸರು ತಮ್ಮ ಭಾಷೆಗೆ ಕೊಂಡೊಯ್ದರು. ಅಲ್ಲಿಂದ ಅದು ಇಂಗ್ಲಿಷಿಗೂ ಹೋಯಿತು. ‘ಮೇನೆ’ಯು ಪಾರಸಿಯ ಕಡೆಯಿಂದ ಬಂದುದು. ಗಮನಿಸಬೇಕಾದ ಸಂಗತಿಯೆಂದರೆ, ತೂಗಾಟ, ಮಂಚ ಎಂಬ ಈ ಅರ್ಥಗಳೆಲ್ಲ ಒಳಗೆ ಕುಳಿತವನ ಸುಖವನ್ನು ಹೇಳುತ್ತವೆ. ಹೊತ್ತವನಿಗೆ ಬೇರೆಯೇ ಹೆಸರು, ಅವನು ‘ಬೋಯಿ’. ‘ದಂಡಿಗೆ’ ಎಂಬ ಮಾತು ಮಾತ್ರ ಹೆಗಲಿಗೆ ತಾಗುವ ಮರದ ತೊಲೆಯಿಂದ ಹುಟ್ಟಿ ಇಡೀ ಪಲ್ಲಕ್ಕಿಗೆ ಹೆಸರಾಯಿತು.

ಅರವತ್ತುಮೂರು ಪುರಾತನರ ಚರಿತ್ರೆಯಲ್ಲಿ ಈ ಹೆಗಲಿನ ಕಥೆಯೊಂದು ಬರುತ್ತದೆ. ತಮಿಳಿನ ಸೇಕ್ಕಿಳಾರರು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಪೆರಿಯಪುರಾಣ’ದ ಪ್ರಕಾರ, ಬಾಲಕ ತಿರುಜ್ಞಾನಸಂಬಂಧರಿಗೆ ಶಿವನ ಕೃಪೆಯಿಂದ ಮುತ್ತಿನ ಶಿಬಿಕೆ ದೊರೆತಿತ್ತು. ಅವರು ತಿರುಪ್ಪೂಂದುರುತ್ತಿಗೆ ಬರುವಾಗ, ವಯೋವೃದ್ಧರಾದ ತಿರುನಾವುಕ್ಕರಸರು ಯಾರಿಗೂ ತಿಳಿಯದಂತೆ ಬೋಯಿಗಳ ನಡುವೆ ಸೇರಿ ಹೆಗಲು ಕೊಟ್ಟರು. ‘ಅಪ್ಪರ್ ಎಲ್ಲಿ?’ ಎಂದು ಸಂಬಂಧರು ಕೇಳಿದಾಗ ಉತ್ತರ ಬಂದುದು ಶಿಬಿಕೆಯ ಕೆಳಗಿನಿಂದ. ಬಾಲಕ ತಲ್ಲಣಿಸಿ ಕೆಳಗಿಳಿದು ನಮಸ್ಕರಿಸಿದರು, ಹಿರಿಯರೂ ನಮಸ್ಕರಿಸಿದರು. ಹೊತ್ತವನ ಮುಖ ಕಂಡೊಡನೆ ಮೇಲೆ ಕುಳಿತಿರಲಾಗದ ಮನಸ್ಸೇ ಅಲ್ಲಿ ನಿಜವಾದ ಭಕ್ತಿಯೆನಿಸಿತು.

ಮುಂದಿನ ಚರಿತ್ರೆ ಯಾವಾಗಲೂ ಈ ದಾರಿಯಲ್ಲಿ ನಡೆಯಲಿಲ್ಲ. ಸಾಮಾನ್ಯ ಪಲ್ಲಕ್ಕಿಯು ದಾರಿಯ ಉದ್ದಕ್ಕೆ ಸಾಗಿದರೆ, ಅಡ್ಡಪಲ್ಲಕ್ಕಿಯು ದಾರಿಗೆ ಅಡ್ಡಲಾಗಿ, ಬೀದಿಯ ಅಗಲವನ್ನೆಲ್ಲ ತುಂಬಿ ಸಾಗುತ್ತದೆ. ಆದಕಾರಣವೇ ಅದು ಪರಮ ಗೌರವವೆನಿಸಿತು. ಆದಕಾರಣವೇ ಕಲಹಕ್ಕೂ ಎಡೆಯಾಯಿತು. ಈ ಹಕ್ಕಿನ ಬಗ್ಗೆ ಸ್ಮಾರ್ತ ಸ್ವಾಮಿಗಳೊಬ್ಬರಿಗೂ ಲಿಂಗಾಯತ ಸ್ವಾಮಿಗಳೊಬ್ಬರಿಗೂ ನಡೆದ ವ್ಯಾಜ್ಯವು ಸಮುದ್ರ ದಾಟಿ, 1843ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ಬಂದಿತು. ಹೆಗಲು ಕೊಟ್ಟು ನಡೆದವರ ಮಾತು ಅಂತಹ ವ್ಯಾಜ್ಯದ ವಿಷಯವೇ ಆಗಿರಲಿಲ್ಲ. ಆ ಮಾತು ಮುನ್ನೆಲೆಗೆ ಬರಲು ಬಹುಕಾಲ ಹಿಡಿಯಿತು. ತಮಿಳುನಾಡಿನ ಧರ್ಮಪುರಂ ಶೈವ ಮಠದ ಪಟ್ಟಣಪ್ರವೇಶ ಉತ್ಸವದಲ್ಲಿ ಗುರುಗಳನ್ನು ಮನುಷ್ಯರು ಹೊರುವುದಕ್ಕೆ 2022ರಲ್ಲಿ ಅಧಿಕಾರಿಗಳು ಮೊದಲು ತಡೆಯೊಡ್ಡಿ, ಬಳಿಕ ಅದನ್ನು ಹಿಂತೆಗೆದರು. ತಾವು ಭಕ್ತಿಯಿಂದಲೇ ಹೊರುತ್ತೇವೆಂಬುದು ಭಕ್ತರ ಮಾತಾಗಿದ್ದಿತು. ಮನುಷ್ಯನ ಘನತೆ ವಿರೋಧಿಸಿದವರ ಪ್ರಶ್ನೆಯಾಗಿದ್ದಿತು.

ಈ ಎರಡು ಮಾತುಗಳ ನಡುವೆ ಶರಣರ ದಾರಿ ಸ್ಪಷ್ಟವಾಗಿದೆ. ಹೊರುವ ಭಕ್ತಿಯನ್ನು ಹಳಿಯಬೇಕಾಗಿಲ್ಲ. ಅಪ್ಪರರ ಹೆಗಲೂ ಭಕ್ತಿಯದೇ. ಪರೀಕ್ಷೆ ಇರುವುದು ಮೇಲೆ ಕುಳಿತವರಿಗೆ. ಗುರುವಿನ ಬದಲು ವಚನಗಳ ಕಟ್ಟನ್ನು ಪಲ್ಲಕ್ಕಿಯಲ್ಲಿಟ್ಟು ಮೆರೆಸುವ ಪದ್ಧತಿ ನಾಡಿನ ಕೆಲವು ಮಠಗಳಲ್ಲಿ ಬೆಳೆದಿರುವುದು ಈ ಪರೀಕ್ಷೆಗೆ ಸಂದ ಒಂದು ಉತ್ತರ.

ದಂಡಿಗೆಯೆಂಬ ಮಾತಿಗೆ ವೀಣೆಯ ಕೋಲೆಂಬ ಅರ್ಥವೂ ಉಂಟು. ಬಸವಣ್ಣನವರು ದೇವರಲ್ಲಿ ಬೇಡಿಕೊಂಡದ್ದು ಏರಿ ಕೂರುವ ದಂಡಿಗೆಯನ್ನಲ್ಲ. ತಮ್ಮ ಕಾಯವೇ ವೀಣೆಯ ದಂಡಿಗೆಯಾಗಲೆಂದು. ಒಂದೇ ಪದ, ಎರಡು ದಾರಿ. ಯಾವುದನ್ನು ಹಿಡಿಯಬೇಕೆಂಬುದು ಭಕ್ತರ ಅರಿವಿಗೆ ಬಿಟ್ಟದ್ದು.