ಹಿಮ್ಮೇಳದಲ್ಲಿ ಬೆಳೆದ ಮಕ್ಕಳು

ಬಲಿಪಾಡ್ಯಮಿಯ ರಾತ್ರಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮಕ್ಕಳಿಗೆ ಬೇಗ ನಿದ್ದೆ ಹತ್ತುತ್ತಿರಲಿಲ್ಲ. ಅಂಟಿಗೆ-ಪಂಟಿಗೆಯವರು ಬರುವ ಹೊತ್ತು ಅದು. ಊರ ದೇವಸ್ಥಾನದಲ್ಲಿ ಹಚ್ಚಿದ ದೀಪವನ್ನು ಆರದಂತೆ ಕಾಪಾಡಿಕೊಂಡು, ಗದ್ದೆಬದು ಕಾಡುದಾರಿ ದಾಟಿ, ಮಲೆನಾಡಿನ ಒಂಟಿಮನೆಗಳಿಗೆ ಹಾಡುಗಾರರ ತಂಡ ಬರುತ್ತಿತ್ತು. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆರೆಸುವ ಪದ ಹಾಡಬೇಕು. ಬಾಗಿಲು ತೆರೆದ ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿಯನ್ನೋ ಕಾಸನ್ನೋ ಕೊಟ್ಟು ಬೀಳ್ಕೊಡಬೇಕು. ಈ ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದಿದೆ.

ಈ ಹಾಡಿನ ಕಟ್ಟಿನಲ್ಲೇ ಕಲಿಸುವ ಉಪಾಯವಿದೆ. ಮುಮ್ಮೇಳದವರು ಸಾಲು ಎತ್ತಿಕೊಡುತ್ತಾರೆ, ಹಿಮ್ಮೇಳದವರು ಅದನ್ನೇ ಮರಳಿ ಹೇಳುತ್ತಾರೆ. ಮೊದಲು ಹೊಸ್ತಿಲ ಒಳಗಿನಿಂದ ಸಾಲಿನ ಕೊನೆಯನ್ನಷ್ಟೇ ಹಿಡಿಯುವ ಹುಡುಗ, ಕಾಲು ಗಟ್ಟಿಯಾದ ಮೇಲೆ ಹಿಮ್ಮೇಳದ ಹಿಂದೆ ಹೆಜ್ಜೆ ಹಾಕುತ್ತಾನೆ. ಉಸಿರು ಎಲ್ಲಿ ನಿಲ್ಲಬೇಕು, ದನಿ ಎಲ್ಲಿ ಏರಬೇಕು ಎಂಬುದು ನಡೆಯುತ್ತಲೇ ಮೈಗೂಡುತ್ತದೆ. ಪುರಂದರದಾಸರು ಹಾಕಿಕೊಟ್ಟರೆಂದು ನಂಬಿರುವ ಕರ್ನಾಟಕ ಸಂಗೀತದ ಸರಳೆವರಸೆಯನ್ನು ಮಗು ಕೂತು, ತೊಡೆಯ ಮೇಲೆ ತಾಳ ಹಾಕುತ್ತ ಕಲಿಯುತ್ತದೆ. ಅದೂ ದೊಡ್ಡ ಪರಂಪರೆಯೇ. ಆದರೆ ಕೂರುವ ವಯಸ್ಸಿಗೆ ಮೊದಲು ಕುಣಿಯುವ ವಯಸ್ಸು ಬರುತ್ತದೆ.

ಬಡಿತದ ಪಾಠ ವೀರಭದ್ರನ ಕುಣಿತವಾದ ವೀರಗಾಸೆಯದು. ವೀರಭದ್ರನನ್ನು ಗೋತ್ರಪುರುಷನೆಂದು ಕಾಣುವ ರಂಭಾಪುರಿ ಪೀಠವಿರುವ ಬಾಳೆಹೊನ್ನೂರು ಈ ಜಿಲ್ಲೆಯಲ್ಲೇ ಇದೆ. ಕರಡೆ, ಸಂಬಾಳ, ತಾಳಗಳ ಅಬ್ಬರಕ್ಕೆ ಕುಣಿತದವರು ಹೆಜ್ಜೆ ಹಾಕುತ್ತಾರೆ. ನಡುವೆ ಒಬ್ಬರು ಒಡಪು ಹೇಳುವಾಗ ವಾದ್ಯ ನಿಲ್ಲುತ್ತದೆ, ಮಾತು ಮುಗಿದೊಡನೆ ಮತ್ತೆ ಮೊಳಗುತ್ತದೆ. ಸದ್ದು ಮತ್ತು ಮೌನ ಎರಡೂ ಲಯದ ಭಾಗವೆಂದು ಮಗುವಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವುದು ಕಷ್ಟ.

ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, ಬ್ರೌನಿಂಗ್ ಕವಿಯ ಕಥನವನ್ನು ಮಕ್ಕಳಿಗಾಗಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಮರುಹುಟ್ಟಿಸಿದರು. ಮೂಲದ ಕೊಳಲಿನವನ ಜಾಗಕ್ಕೆ ಕಿಂದರಿ ಹಿಡಿದ ಜೋಗಿ ಬಂದ. ನಾದದ ಹಿಂದೆ ಕುಣಿಯುತ್ತ ಹೊರಡುವ ಮಕ್ಕಳ ಚಿತ್ರ ಕನ್ನಡದ ಮಕ್ಕಳಿಗೆ ಪರಕೀಯ ಅನ್ನಿಸಲೇ ಇಲ್ಲ.

ಕುಣಿಯುತ್ತಲೇ ಸಂಗೀತ ಕಲಿಯುವ ಯೋಚನೆ ಯುರೋಪಿನಲ್ಲೂ ಹುಟ್ಟಿತು. ಜಿನೀವಾದಲ್ಲಿ ಪಾಠ ಹೇಳುತ್ತಿದ್ದ ಎಮಿಲ್ ಜಾಕ್-ದಾಲ್ಕ್ರೋಜ್, ಲಯವನ್ನು ಮೈಯ ಚಲನೆಯಿಂದಲೇ ಕಲಿಸತೊಡಗಿದರು. 1924ರಲ್ಲಿ ಮ್ಯೂನಿಕ್‌ನಲ್ಲಿ ಡೊರೊಥಿ ಗುಂಥರ್ ಜೊತೆ ಶಾಲೆ ತೆರೆದ ಕಾರ್ಲ್ ಓರ್ಫ್ ಮಾತು, ಹಾಡು, ಕುಣಿತ, ಬಡಿತಗಳನ್ನು ಒಂದೇ ಪಾಠವಾಗಿ ಬೆಸೆದರು. ಮಲೆನಾಡಿನಲ್ಲಿ ಇದಕ್ಕೆ ಶಾಲೆಯ ಹೆಸರಿರಲಿಲ್ಲ, ಅಷ್ಟೆ.

ಬಾಬಾಬುಡನ್‌ಗಿರಿಯ ಸುತ್ತಲ ಗುಡ್ಡಗಳಲ್ಲಿ ಕಾಫಿ ಹಬ್ಬಿದಂತೆ ಕೂಲಿಯಾಳುಗಳ ಮಕ್ಕಳ ಬಾಲ್ಯದ ಬಹುಪಾಲು ತೋಟದ ಲೈನುಮನೆಗಳಲ್ಲಿ ಕಳೆಯಿತು. 1951ರ ತೋಟ ಕಾರ್ಮಿಕರ ಕಾಯ್ದೆ, 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಅವರ ಮಕ್ಕಳಿಗೆ ಶಿಶುವಿಹಾರ ಬೇಕೆಂದಿತು. ಅಲ್ಲಿ ಗಾಳಿ, ಬೆಳಕು, ಶುಚಿತ್ವ ಇರಬೇಕಿತ್ತು. ತರಬೇತಿ ಪಡೆದ ಹೆಂಗಸು ನೋಡಿಕೊಳ್ಳಬೇಕಿತ್ತು. ಆ ಕಲಮಿನಲ್ಲಿ ಹಾಡಿನ ಪ್ರಸ್ತಾಪವಿರಲಿಲ್ಲ. ತಾಯಿ ಹಣ್ಣು ಕೊಯ್ಯಲು ಹೋದ ಹೊತ್ತಿನಲ್ಲಿ ಮಗುವಿಗೆ ಬೇಕಾದುದರ ಪಟ್ಟಿಯಲ್ಲಿ ಅದು ಬಿಟ್ಟುಹೋದದ್ದು ಸಣ್ಣ ಕೊರತೆಯಲ್ಲ.

ಮುಂದೆ ಹಾಡು ತರಗತಿಯೊಳಗೂ ಜಾಗ ಪಡೆಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿ, ಹಾಡು ಆಟಗಳನ್ನು ಕಲಿಕೆಗೆ ಸೇರಿಸಿಕೊಂಡಿತು. ಅಂಗನವಾಡಿಗಳಲ್ಲೂ ಅಭಿನಯ ಗೀತೆ ಕೇಳುತ್ತದೆ. ಮೂಡಿಗೆರೆ, ಕಳಸದ ತೋಟಗಳ ನಡುವಿನ ಅಂಗನವಾಡಿಗೆ ಇನ್ನೂ ಬೇಕಾದದ್ದು ಮಕ್ಕಳ ಕೈಗೆ ಒಂದೆರಡು ಜೊತೆ ತಾಳ, ಬಡಿಯಲು ಒಂದು ಪುಟ್ಟ ಚರ್ಮವಾದ್ಯ. ಜಿಲ್ಲೆಯ ಅಂಟಿಗೆ-ಪಂಟಿಗೆ ಹಾಡುಗಾರರನ್ನು ದೀಪಾವಳಿಯ ಮುಂಚಿನ ವಾರ, ಕಾಫಿ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲು, ಹಗಲಿನಲ್ಲಿ ಅಲ್ಲಿಗೂ ಕರೆಸಬಹುದು.