ಡಿಪಿಎಫ್ ದೀಪ ಹತ್ತಿದರೆ ತಪ್ಪು ಯಾರದು? ಆಸ್ಟ್ರೇಲಿಯಾದ ಒಂದು ದಾವೆಯ ಕಥೆ

ಮೊನ್ನೆ ತಾಲ್ಲೂಕು ಕೇಂದ್ರದ ಗ್ಯಾರೇಜೊಂದರಲ್ಲಿ ನಮ್ಮ ಪರಿಚಯದ ರೈತರೊಬ್ಬರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. 2020ರ ಮಾಡೆಲ್‌ನ ಡೀಸೆಲ್ ಎಸ್‌ಯುವಿ, ಎರಡನೇ ಕೈಯಲ್ಲಿ ಕೊಂಡದ್ದು. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ, ಎಂಜಿನ್‌ಗೆ ಎಳೆಯುವ ಶಕ್ತಿ ಇಲ್ಲ. ವಾರಂಟಿ ಮುಗಿದಿದೆ. ಡಿಪಿಎಫ್ ಬದಲಿಸಲು ಲಕ್ಷದ ಹತ್ತಿರ ಆಗುತ್ತದೆ ಎಂದು ಷೋರೂಮ್‌ನವರು ಹೇಳಿದ್ದಾರೆ. ಜೊತೆಗೆ ಒಂದು ಮಾತು: 'ನೀವು ಊರೊಳಗೇ ಓಡಿಸಿದ್ದೀರಿ, ಹೈವೇಯಲ್ಲಿ ಓಡಿಸಿದ್ದರೆ ಹೀಗಾಗ್ತಿರಲಿಲ್ಲ.'

ಈ ಮಾತು ನಮ್ಮ ಜಿಲ್ಲೆಯ ಅನೇಕ ಮಾಲೀಕರು ಕೇಳಿರುವಂಥದ್ದೇ. ಅದರಲ್ಲಿ ಸತ್ಯವೂ ಇದೆ. ಆದರೆ ಹೈವೇಯಲ್ಲೇ ಓಡಿಸಿದವರ ಗಾಡಿಗಳು ಕೆಟ್ಟು, ಅವರು ಕೋರ್ಟಿಗೆ ಹೋದ ಇತಿಹಾಸವೂ ಇದೆ. ಅದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಡಿಪಿಎಫ್ ಏನೆಂದು ನೋಡೋಣ. ಡೀಸೆಲ್ ಉರಿದಾಗ ಹುಟ್ಟುವ ಕಪ್ಪು ಮಸಿಯನ್ನು ಹೊರಬಿಡದೆ ಹಿಡಿಯುವ ಜರಡಿ ಅದು. ಜೇನುಗೂಡಿನಂಥ ಸೆರಾಮಿಕ್ ಗಟ್ಟಿ, ಸೈಲೆನ್ಸರ್ ಪೈಪಿನ ದಾರಿಯಲ್ಲಿ ಕೂತಿರುತ್ತದೆ. ಮಸಿ ತುಂಬಿದಾಗ ಹೆಚ್ಚುವರಿ ಡೀಸೆಲ್ ಬಿಟ್ಟು, ಸುಮಾರು 600 ಡಿಗ್ರಿ ಶಾಖದಲ್ಲಿ ಅದನ್ನು ಸುಟ್ಟು ಬೂದಿ ಮಾಡಬೇಕು. ಆ ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಜರಡಿ ಕಟ್ಟಿಕೊಳ್ಳುತ್ತದೆ.

ಇದು ಹೊಸ ತೊಂದರೆಯಲ್ಲ. 1985ರಲ್ಲೇ ಮರ್ಸಿಡಿಸ್ ಕಂಪನಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರಿದ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಜರಡಿ ಕೂಡಿಸಿತ್ತು. ಅದು ತೊಂದರೆ ಕೊಟ್ಟು, ಆ ಪ್ರಯೋಗ ಹೆಚ್ಚು ಕಾಲ ನಡೆಯಲಿಲ್ಲ. 2000ದಲ್ಲಿ ಫ್ರಾನ್ಸ್‌ನ ಪ್ಯೂಜೋ 607 ಕಾರಿನೊಂದಿಗೆ ಡಿಪಿಎಫ್ ಮತ್ತೆ ಬಂತು. ಯುರೋಪಿನ ಮಾಲಿನ್ಯ ನಿಯಮಗಳು ಬಿಗಿಯಾದಂತೆ ಡೀಸೆಲ್ ಗಾಡಿಗಳಿಗೆ ಅದು ಅನಿವಾರ್ಯವಾಯಿತು.

ಈಗ ಆಸ್ಟ್ರೇಲಿಯಾಕ್ಕೆ ಬರೋಣ. ಅಲ್ಲಿ ಊರಿನಿಂದ ಊರಿಗೆ ನೂರಾರು ಕಿಲೋಮೀಟರ್. ರೈತರು, ಗುತ್ತಿಗೆದಾರರು, ಕ್ಯಾಂಪಿಂಗ್ ಹೋಗುವವರು ನಂಬಿದ್ದು ಟೊಯೊಟಾದ ಹೈಲಕ್ಸ್, ಫಾರ್ಚೂನರ್, ಪ್ರಾಡೊ ಗಾಡಿಗಳನ್ನು. 2015ರ ಅಕ್ಟೋಬರ್‌ನಿಂದ ಮಾರಾಟವಾದ ಡೀಸೆಲ್ ಗಾಡಿಗಳಲ್ಲಿ ದೂರು ಶುರುವಾಯಿತು. ಹಿಂದಿನಿಂದ ದಟ್ಟ ಬಿಳಿ ಹೊಗೆ, ಕೆಟ್ಟ ವಾಸನೆ, ಡಿಪಿಎಫ್ ಎಚ್ಚರಿಕೆ, ಹೆಚ್ಚು ಡೀಸೆಲ್ ಖರ್ಚು. ಷೋರೂಮ್‌ಗೆ ಒಯ್ದರೆ ಸರಿಮಾಡಿ ಕೊಡುತ್ತಿದ್ದರು, ಕೆಲವು ದಿನಕ್ಕೆ ಮತ್ತೆ ಅದೇ ಕಥೆ.

2019ರಲ್ಲಿ ಒಬ್ಬ ಪ್ರಾಡೊ ಮಾಲೀಕರು ಎಲ್ಲ ಮಾಲೀಕರ ಪರವಾಗಿ ಫೆಡರಲ್ ಕೋರ್ಟ್‌ನಲ್ಲಿ ಸಾಮೂಹಿಕ ದಾವೆ ಹೂಡಿದರು. 2015ರ ಅಕ್ಟೋಬರ್ 1ರಿಂದ 2020ರ ಏಪ್ರಿಲ್ 23ರವರೆಗೆ ಮಾರಾಟವಾದ 2,64,170 ಗಾಡಿಗಳು ಅದರ ವ್ಯಾಪ್ತಿಗೆ ಬಂದವು.

ವಿಚಾರಣೆಯಲ್ಲಿ ಹೊರಬಂದದ್ದು ಏನು? ಸುಮಾರು 100 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಓಡಿಸುವುದು ರೂಢಿಯಾದರೆ ಆ ಡಿಪಿಎಫ್ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುವಂತೆ ವಿನ್ಯಾಸವಾಗಿಯೇ ಇರಲಿಲ್ಲ. ಅಂದರೆ ಯಾವ ಓಟ ಜರಡಿಗೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೋ, ಅದೇ ಓಟದಲ್ಲಿ ಅದು ಸೋತಿತ್ತು. ಓಡಿಸಿದವರ ತಪ್ಪಲ್ಲ, ಮಾಡಿದವರ ತಪ್ಪು. ಕಂಪನಿಯ ಸ್ವಂತ ಕಾಗದಪತ್ರಗಳೂ ಪುರಾವೆಯಾದವು. ಪೂರ್ತಿ ಪರಿಹಾರ ಸಿಕ್ಕಿದ್ದು 2020ರಲ್ಲಿ.

2022ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಮೈಕಲ್ ಲೀ ತೀರ್ಪು ಕೊಟ್ಟರು. ಗಾಡಿ ಮಾರಿದ ದಿನವೇ ದೋಷ ಇತ್ತು, ಆದ್ದರಿಂದ ಅದರ ಬೆಲೆ 17.5% ಕಡಿಮೆ ಎಂದರು. ದೀಪ ಹತ್ತದ ಗಾಡಿಯಲ್ಲೂ ದೋಷ ಇದ್ದೇ ಇತ್ತು ಎಂಬುದು ಇಲ್ಲಿ ಮುಖ್ಯ. ಕಂಪನಿ ಮೇಲ್ಮನವಿ ಹೋಯಿತು. 2023ರಲ್ಲಿ ಪೂರ್ಣ ಪೀಠ ಆ ಪ್ರಮಾಣವನ್ನು 10%ಕ್ಕೆ ಇಳಿಸಿ, ನಂತರ ಸಿಕ್ಕ ದುರಸ್ತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದಿತು. 2024ರ ನವೆಂಬರ್‌ನಲ್ಲಿ ದೇಶದ ಅತ್ಯುನ್ನತ ಹೈಕೋರ್ಟ್ ಪರಿಹಾರದ ಲೆಕ್ಕವನ್ನು ಮತ್ತೆ ಮಾಡಲು ಕೆಳಗೆ ಕಳಿಸಿತು. ಗಾಡಿಯಲ್ಲಿ ದೋಷವಿತ್ತು ಎಂಬುದು ಉಳಿಯಿತು, ಎಷ್ಟು ಹಣ ಎಂಬುದಕ್ಕೆ ವರ್ಷಗಳೇ ಹಿಡಿದವು.

ಫಾರ್ಚೂನರ್ ನಮ್ಮ ಬಿಡದಿಯಲ್ಲೂ ತಯಾರಾಗುತ್ತದೆ. ಆದರೆ ಆಸ್ಟ್ರೇಲಿಯಾದ ಗಾಡಿಗಳು ಥಾಯ್ಲೆಂಡ್, ಜಪಾನಿನಿಂದ ಹೋದವು. ಆ ತೀರ್ಪು ಅಲ್ಲಿನ ಗಾಡಿಗಳ ಬಗ್ಗೆ ಮಾತ್ರ, ಇಲ್ಲಿನವುಗಳಿಗೆ ಅಂಟಿಸಬಾರದು.

ನಮ್ಮಲ್ಲಿ ಡಿಪಿಎಫ್ ವ್ಯಾಪಕವಾಗಿ ಬಂದದ್ದು 2020ರ ಏಪ್ರಿಲ್ 1ರಿಂದ, ಬಿಎಸ್-6 ನಿಯಮದೊಂದಿಗೆ. ಬಿಎಸ್-5 ಬಿಟ್ಟು ನೇರ ಜಿಗಿದೆವು. ಡೀಸೆಲ್ ಕಾರು ಕಿಲೋಮೀಟರ್‌ಗೆ ಬಿಡಬಹುದಾದ ಮಸಿ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಮಕ್ಕಳ ಶ್ವಾಸಕೋಶಕ್ಕೆ ಇದು ಒಳ್ಳೆಯದೇ. ಈಗ ಆ ಮೊದಲ ತಂಡದ ಗಾಡಿಗಳು ಹಳತಾಗಿ, ಎರಡನೇ, ಮೂರನೇ ಕೈಯಾಗಿ ನಮ್ಮ ಹಳ್ಳಿಗಳಿಗೆ ಬರುತ್ತಿವೆ. ಶುದ್ಧ ಗಾಳಿಯ ಬಿಲ್ಲು ಕೊನೆಗೆ ಯಾರ ಕೈಗೆ ಬರುತ್ತದೆ ನೋಡಿ.

ಅಂದಹಾಗೆ, ಗ್ಯಾರೇಜಿನ ಹುಡುಗ ಆ ರೈತರಿಗೆ 'ಜರಡಿ ಕಿತ್ತು ಬಿಸಾಕೋಣ' ಎಂದಿದ್ದ. ಬೇಡ. ಅದು ಕಾನೂನಿಗೆ ವಿರುದ್ಧ, ಮುಂದೆ ದೂರು ಕೊಡುವ ದಾರಿಯೂ ಕಷ್ಟವಾಗುತ್ತದೆ.

ದಾರಿಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತೊಂದರೆ ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಒಂದೇ ತೊಂದರೆಯವರು ಹಲವರಿದ್ದರೆ, ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ದೂರು ಕೊಡಬಹುದು. ಸಹಾಯವಾಣಿ 1915.

ಆಸ್ಟ್ರೇಲಿಯಾದವರಿಗೆ ನೆರವಾದದ್ದು ಒಬ್ಬರ ಸಿಟ್ಟಲ್ಲ, ದಾಖಲೆ ಮತ್ತು ಒಗ್ಗಟ್ಟು. ನಮ್ಮ ರೈತರನ್ನು ಜಾಬ್ ಕಾರ್ಡ್ ಇದೆಯಾ ಎಂದು ಕೇಳಿದೆವು. 'ಎಲ್ಲಾ ಬಾಯಿ ಮಾತಲ್ಲೇ ಆಯ್ತು ಸ್ವಾಮಿ' ಅಂದರು. ಮುಂದಿನ ಸಲ ಹಳದಿ ದೀಪ ಹತ್ತಿದರೆ ಮೊದಲು ಫೋಟೊ ತೆಗೆಯಿರಿ. ಷೋರೂಮಿಗೆ ಹೋದಾಗ, ತೊಂದರೆ ಏನೆಂದು ಬರೆದ ಜಾಬ್ ಕಾರ್ಡ್ ಕೈಗೆ ಬರದೆ ಅಲ್ಲಿಂದ ಏಳಬೇಡಿ.